ಮುಯ್ಯಾಳಾಗಿ ಗೋಲು ಕಾದ ದಿನ

ನಮ್ಮ ಫುಟ್‌ಬಾಲ್ ಕ್ಲಬ್ಬು ಲೀಗಿನಲ್ಲಿ ಎಷ್ಟನೇ ಸ್ಥಾನದಲ್ಲಿದೆ ಎಂದು ಸಾಗರದ ಪೇಟೆಯಲ್ಲಿ ಯಾರಾದರೂ ಕೇಳಿದರೆ ನಾನು ಮೊದಲೆಲ್ಲ ಎದೆಯುಬ್ಬಿಸಿಕೊಂಡು 'ಕೆಳಗಿನಿಂದ ಎರಡನೇದು' ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ. ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಲೀಗಿನಿಂದ ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಹೊಸ ತಂಡ ಬರುತ್ತದೆ. ಹಾಗಿರುವಾಗ ವರ್ಷಗಟ್ಟಲೆ ಕೊನೆಯದಕ್ಕಿಂತ ಒಂದೇ ಮೆಟ್ಟಿಲು ಮೇಲೆ ನಿಂತು ಬೀಳದೆ ಉಳಿಯುವುದು ತಮಾಷೆಯ ಮಾತಲ್ಲ. ಮೇಲಿನ ಎರಡು ಸ್ಥಾನ ತೀರ್ಥಹಳ್ಳಿಯ ಎರಡು ತಂಡಗಳಿಗೆ ಬರೆದಿಟ್ಟ ಹಾಗಿತ್ತು. ಅವರು ತುಂಗೆಯ ಮರಳಿನಲ್ಲಿ ಓಡಿ ಕಾಲು ಗಟ್ಟಿ ಮಾಡಿಕೊಂಡವರು, ನಮ್ಮನ್ನು ಹುಡುಗರನ್ನು ಓಡಿಸಿದಂತೆ ಓಡಿಸಿ ಕಳಿಸುತ್ತಿದ್ದರು. ಕೊನೆಯ ಸ್ಥಾನ ತಪ್ಪಿಸಿಕೊಳ್ಳಲು ಮಾತ್ರ ನಾವೂ ಹೊಸನಗರದವರೂ ಆಯಾ ವರ್ಷ ಹೊಸದಾಗಿ ಬಂದ ತಂಡವೂ ಗುದ್ದಾಡುತ್ತಿದ್ದೆವು, ಸಾಮಾನ್ಯವಾಗಿ ಬೀಳುತ್ತಿದ್ದದ್ದು ಹೊಸಬರೇ.

ಈ ವರ್ಷ ಯಾರೂ ಕೇಳುವುದಿಲ್ಲ. ಲೀಗಿನ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ಅದು ನನ್ನಿಂದ ಆಯಿತು ಎಂದು ಊರಿನಲ್ಲಿ ಒಬ್ಬರೂ ಹೇಳುವುದಿಲ್ಲ, ಬದಲಿಗೆ ಸಿಕ್ಕವರೆಲ್ಲ ನನ್ನ ಬೆನ್ನು ತಟ್ಟುತ್ತಾರೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಆ ಕ್ಲಬ್ಬಿನ ಗೋಲ್‌ಕೀಪರ್. ಹೊಟ್ಟೆಪಾಡಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ. ಒಂದು ಗೋಲು ಬಿಟ್ಟರೆ ಸಾಕು, ಗೆರೆಯಾಚೆ ನಿಂತವರು "ನಿನ್ನಂಗ್ಡೀದೇ ಒಂದ್ ತಗಂಡ್ ಹಾಕ್ಯಳೋ" ಎಂದು ಕೂಗುವವರೇ. ನಾನು ಸಾಕಷ್ಟು ಗೋಲು ಬಿಟ್ಟಿದ್ದೇನೆ. ನಮ್ಮ ಮೈದಾನ ಗಟ್ಟಿ ಜಂಬಿಟ್ಟಿಗೆ ನೆಲ, ನನ್ನ ಬೆನ್ನು ಈಗ ಮೊದಲಿನಂತಿಲ್ಲ. ಚೆಂಡು ನೇರ ಎದೆಗೆ ಬಂದರೆ ಹಿಡಿಯುತ್ತಿದ್ದೆ, ಮೂಲೆಗೆ ಹೋದರೆ ಗೌರವದಿಂದ ದಾರಿ ಬಿಡುತ್ತಿದ್ದೆ.

ಕ್ಲಬ್ಬಿನ ಹಿಂದಿನ ಕತೆ ನಮಗೆಲ್ಲ ಬಾಯಿಪಾಠ. ಶರಾವತಿಗೆ ಅಣೆಕಟ್ಟು ಕಟ್ಟಲು ಎಲ್ಲೆಲ್ಲಿಂದಲೋ ಕೆಲಸಗಾರರು ಬಂದರಂತೆ. ಅವರಲ್ಲಿ ಕೆಲವರು ಚೆಂಡು ಒದೆಯುವ ಚಟವನ್ನೂ ಜೊತೆಗೆ ತಂದರು. ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಊರಿಗೆ ಹೋಗಲು ಮನಸ್ಸಾಗದೆ ಉಳಿದವರು ಸಾಗರದ ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸಕ್ಕೆ ಸೇರಿದರು. ಮಿಲ್ಲಿನ ಹಿಂದೆ ದಿಮ್ಮಿ ರಾಶಿ ಹಾಕುವ ಜಾಗವಿತ್ತು. ಸಂಜೆ ಗರಗಸ ನಿಂತ ಮೇಲೆ ಅಲ್ಲಿ ಆಟ ಶುರುವಾಯಿತು. ಹೀಗಾಗಿ ಕ್ಲಬ್ಬಿಗೆ ಚೆಂದದ ಇಂಗ್ಲಿಷ್ ಹೆಸರೊಂದು ಇದ್ದರೂ ಇಂದಿಗೂ ನಮ್ಮನ್ನು ಎಲ್ಲರೂ ಕರೆಯುವುದು 'ಸಾಮಿಲ್ ಟೀಮು' ಎಂದೇ.

ಆ ಜಾಗವನ್ನು ಮೈದಾನ ಮಾಡಿದವರು ನಮ್ಮ ಈಗಿನ ಕ್ಯಾಪ್ಟನ್ನನ ಅಪ್ಪ. ಅವರೂ ಮಿಲ್ಲಿನ ಕೆಲಸಗಾರ. ಒಂದು ದಪ್ಪ ದಿಮ್ಮಿಗೆ ಹಗ್ಗ ಕಟ್ಟಿ, ಅದನ್ನೇ ರೋಲರಿನಂತೆ ಎಳೆದು ನೆಲ ಮಟ್ಟ ಮಾಡಿದರು. ಮಳೆಗಾಲ ಮುಗಿದ ಮೇಲೆ ಗೋಲುಕಂಬದ ಮುಂದಿನ ಕೆಸರಿಗೆ ಮರದ ಹೊಟ್ಟು ಹರಡುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೂ ಆ ರೂಢಿ ನಿಲ್ಲಲಿಲ್ಲ. ಕ್ಯಾಪ್ಟನ್ ಬಡಗಿಗಳ ಶೆಡ್ಡುಗಳಿಗೆ ತನ್ನ ಗೂಡ್ಸ್ ಆಟೋ ತೆಗೆದುಕೊಂಡು ಹೋಗಿ ಹೊಟ್ಟು ತುಂಬಿಸಿ ತರುತ್ತಾನೆ. ತರುತ್ತಿದ್ದ ಎನ್ನಬೇಕು.

ಮಿಲ್ಲಿನ ಹಳೆಯ ಧಣಿ ಕ್ಯಾಪ್ಟನ್ನನ ಅಪ್ಪನಿಗೆ ಒಂದು ಮಾತು ಕೊಟ್ಟಿದ್ದರು: ನೀವು ಲೀಗಿನಲ್ಲಿ ಆಡುವಷ್ಟು ಕಾಲ ಈ ಜಾಗ ನಿಮ್ಮದು, ಲೀಗಿನಿಂದ ಹೊರಗೆ ಬಿದ್ದ ವರ್ಷ ನನ್ನದು. ಬರೀ ಬಾಯಿಮಾತು. ಧಣಿ ಹೋದರು, ಮಗ ಬಂದ. ಮಗ ಇರುವುದು ಶಿವಮೊಗ್ಗದಲ್ಲಿ. ಆ ಜಾಗದಲ್ಲಿ ಕಲ್ಯಾಣ ಮಂಟಪ ಕಟ್ಟಬೇಕೆಂದು ಅವನಿಗೆ ಬಹಳ ದಿನದ ಆಸೆ. ಆದರೂ ಅಪ್ಪನ ಮಾತು ಮೀರಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವನೇ. ಪ್ರತಿ ವರ್ಷ ಲೀಗ್ ಮುಗಿಯುವ ಹೊತ್ತಿಗೆ ಫೋನ್ ಮಾಡಿ 'ಏನಾಯ್ತು?' ಎಂದು ಕೇಳುತ್ತಿದ್ದ. ಕ್ಯಾಪ್ಟನ್ 'ಉಳ್ಕಂಡ್ವಿ' ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಇನ್ನು ಮುಯ್ಯಾಳಿನ ಪದ್ಧತಿ. ಮಲೆನಾಡಿನಲ್ಲಿ ಗದ್ದೆ ನಾಟಿಗೆ ಆಳು ಸಿಗದಿದ್ದಾಗ ಒಂದು ಮನೆಯವರು ಇನ್ನೊಂದು ಮನೆಗೆ ಹೋಗಿ ದುಡಿಯುತ್ತಾರೆ, ಆ ಮನೆಯವರು ಇವರಲ್ಲಿಗೆ ಬಂದು ಅಷ್ಟೇ ದುಡಿದು ಮುಯ್ಯಿ ತೀರಿಸುತ್ತಾರೆ. ನಮ್ಮ ಲೀಗಿಗೆ ಅದು ಯಾವಾಗ ಬಂತೋ ಗೊತ್ತಿಲ್ಲ. ಹೊರಗಿನಿಂದ ಬಂದ ತಂಡಕ್ಕೆ ಆಟಗಾರ ಕಡಿಮೆಯಾದರೆ ಮೈದಾನದವರು ತಮ್ಮವನನ್ನೇ ಒಬ್ಬನನ್ನು ಕೊಡುತ್ತಾರೆ. ಹೊಸನಗರದಿಂದ ಬರುವವರಿಗೆ ಬಸ್ಸು ತಪ್ಪಿತು ಎಂದರೆ ತಪ್ಪಿತು, ಬದಲಿಗೆ ಇನ್ನೊಬ್ಬನನ್ನು ಕರೆಸಿಕೊಳ್ಳುವ ದಾರಿಯಿಲ್ಲ. ಕೊಟ್ಟವನು ತನ್ನ ತಂಡದ ವಿರುದ್ಧವೇ ಆಡಬೇಕು, ಮೈಗಳ್ಳತನ ಮಾಡಬಾರದು. ಆ ಮುಯ್ಯಿಯನ್ನು ಮುಂದೊಂದು ದಿನ ಅವರು ತೀರಿಸಬೇಕು, ಅದೂ ಲೆಕ್ಕಕ್ಕೆ ಸರಿಯಾಗಿ. ಫಾರ್ವರ್ಡ್ ಕೊಟ್ಟವರಿಗೆ ಫಾರ್ವರ್ಡ್, ಕೀಪರ್ ಕೊಟ್ಟವರಿಗೆ ಕೀಪರ್. ಬೆಂಗಳೂರಿನ ನೆಂಟನೊಬ್ಬ ಇದನ್ನು ಕೇಳಿ 'ಇದು ಆಟವೋ ಮದುವೆ ಮನೆಯೋ' ಎಂದು ನಕ್ಕಿದ್ದ.

ಕಳೆದ ಸೀಸನ್ನಿನಲ್ಲಿ ಹೊಸನಗರದಲ್ಲಿ ಪಂದ್ಯವಿದ್ದ ದಿನ ನನ್ನ ಹೆಂಡತಿಯ ಕಡೆಯವರು ಬಂದಿದ್ದರು. ವರದಹಳ್ಳಿಯ ಆಶ್ರಮಕ್ಕೆ ಕರೆದುಕೊಂಡು ಹೋಗಲೇಬೇಕೆಂದರು, ಹೋದೆ. ನಾನಿಲ್ಲದ್ದಕ್ಕೆ ಹೊಸನಗರದವರು ತಮ್ಮ ಒಳ್ಳೆಯ ಕೀಪರನ್ನೇ ನಮಗೆ ಕೊಟ್ಟರು, ತಾವು ಬದಲಿಯವನನ್ನು ಇಟ್ಟುಕೊಂಡರು. ನಮಗೆ ಬಂದ ಆ ಪುಣ್ಯಾತ್ಮ ಕರೆಂಟಿನ ಲೈನ್‌ಮನ್. ಕಂಬ ಹತ್ತಿ ಹತ್ತಿ ಕೈಕಾಲು ಉಕ್ಕಿನಂತಿದ್ದವು. ಸ್ವಂತ ತಂಡದವರು ಹೊಡೆದದ್ದನ್ನೆಲ್ಲ ಹಿಡಿದ. ಆಟ ಸಮವಾಯಿತು, ನಮಗೊಂದು ಅಂಕ ಬಂತು. ಹೊಸದಾಗಿ ಬಂದ ತಂಡ ಆ ಸಲ ನಮ್ಮಿಬ್ಬರನ್ನೂ ದಾಟಿ ಮೇಲೆ ಹೋಗಿತ್ತು. ಸೀಸನ್ ಕೊನೆಗೆ ಬಂದಾಗ ನಾವು ಹೊಸನಗರದವರಿಗಿಂತ ಮುಂದಿದ್ದದ್ದು ಅದೇ ಒಂದು ಅಂಕದಿಂದ.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ, ಅದೇ ಹೊಸನಗರದವರ ಜೊತೆ. ಸಮ ಮಾಡಿಕೊಂಡರೆ ಸಾಕು, ನಾವು ಉಳಿಯುತ್ತಿದ್ದೆವು. ಅವರಿಗೆ ಗೆಲ್ಲಲೇಬೇಕಿತ್ತು. ಬೆಳಿಗ್ಗೆ ಅವರು ಬಸ್ಸಿಳಿದು ಬಂದಾಗ ಲೈನ್‌ಮನ್ ಇರಲಿಲ್ಲ. ಹಿಂದಿನ ದಿನದ ಗಾಳಿಗೆ ಮರ ಬಿದ್ದು ತಂತಿ ಹರಿದಿತ್ತಂತೆ, ರಜೆ ಕೊಟ್ಟಿರಲಿಲ್ಲ. ಅವರ ಬದಲಿ ಕೀಪರಿಗೆ ಬೇರೆಲ್ಲಿಗೋ ವರ್ಗವಾಗಿ ಆಗಲೇ ತಿಂಗಳಾಗಿತ್ತು. ಹೊಸನಗರದ ತಂಡವೆಂದರೆ ಅರ್ಧಕ್ಕರ್ಧ ಸರ್ಕಾರಿ ಕಚೇರಿಯವರು, ಅಲ್ಲಿ ಗೋಲು ಹೊಡೆಯುವುದಕ್ಕಿಂತ ವರ್ಗಾವಣೆ ತಪ್ಪಿಸಿಕೊಳ್ಳುವುದು ಕಷ್ಟ.

ಅವರು ಬಾಯಿಬಿಟ್ಟು ಕೇಳಲಿಲ್ಲ. ಸುಮ್ಮನೆ ಬೇಲಿಯ ಪಕ್ಕ ನಿಂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದ.

"ಮುಯ್ಯಿ ಬಾಕಿ ಇದೆಯಲ್ಲ ಮಾರಾಯ. ನೀನೇ ಹೋಗ್ಬೇಕು."

"ಇವತ್ತಾ? ತಲೆ ಸರಿ ಇದೆಯನಾ ನಿಂಗೆ? ಬೇರೆ ಯಾರ್ನಾರೂ ಕೊಡು."

"ಅವ್ರು ಯಾರ್ನಾರೂ ಕೊಟ್ಟಿದ್ರಾ? ಇದ್ದವ್ರಲ್ಲೇ ಒಳ್ಳೇವ್ನ ಕೊಟ್ರು. ಹೋಗು. ಆಡೋದು ಸರಿಯಾಗಿ ಆಡು, ಆಮೇಲೆ ಯಾರೂ ಒಂದ್ ಮಾತು ಅನ್ಬಾರ್ದು."

ಹಾಗೆಂದವನು ಕ್ಯಾಪ್ಟನ್. ಅವನ ಅಪ್ಪ ಎಳೆದು ಮಾಡಿದ ನೆಲ ಅದು, ಹೋದರೆ ಅವನದೇ ಹೋಗಬೇಕು. ಹೊಸನಗರದವರ ಹಸಿರು ಜರ್ಸಿ ಹಾಕಿಕೊಂಡೆ, ಲೈನ್‌ಮನ್ನನ ಅಳತೆಯದು, ಹೊಟ್ಟೆಯ ಹತ್ತಿರ ಬಿಗಿಯುತ್ತಿತ್ತು. ತೀರ್ಥಹಳ್ಳಿಯಿಂದ ಬಂದಿದ್ದ ರೆಫರಿ ಎರಡೂ ತಂಡಕ್ಕೆ ಕೇಳುವಂತೆ 'ಇವರು ಇವತ್ತು ಮುಯ್ಯಾಳು' ಎಂದು ಹೇಳಿ ಸೀಟಿ ಊದಿದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನನ್ನ ಎಡಗಡೆಯ ಮೂಲೆಗೊಂದು ಚೆಂಡು ಬಂತು. ಬೇರೆ ದಿನವಾಗಿದ್ದರೆ ಕಣ್ಣಲ್ಲೇ ಕಳಿಸಿಕೊಡುತ್ತಿದ್ದೆ. ಆ ದಿನ ಹಾರಿದೆ. ಹಾರಿ, ಬೆರಳ ತುದಿಯಿಂದ ತಳ್ಳಿ, ಜಂಬಿಟ್ಟಿಗೆಯ ಮೇಲೆ ಮೊಣಕೈ ತರಚಿಕೊಂಡು ಬಿದ್ದೆ. ಜನ ಓ ಎಂದರು. ಯಾಕೆ ಹಾರಿದೆ? ಆಟದ ಮೇಲಿನ ಪ್ರೀತಿಯಿಂದಲ್ಲ. ಬಿಟ್ಟಿದ್ದರೆ 'ಬೇಕಂತಲೇ ಬಿಟ್ಟ' ಎನ್ನುತ್ತಾರೆ ಎಂಬ ಭಯದಿಂದ. ನನ್ನ ಸ್ವಂತ ಜರ್ಸಿಯಲ್ಲಿ ನಾನು ಗೋಲು ಬಿಟ್ಟರೆ ಸೋಮಾರಿ, ಹೆಚ್ಚೆಂದರೆ ಕುರುಡ. ಆ ಹಸಿರು ಜರ್ಸಿಯಲ್ಲಿ ಬಿಟ್ಟರೆ ಮೋಸಗಾರ. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವನಿಗೆ ಸೋಮಾರಿ ಎನ್ನಿಸಿಕೊಂಡು ಬದುಕಬಹುದು, ಮೋಸಗಾರ ಎನ್ನಿಸಿಕೊಂಡು ಆಗುವುದಿಲ್ಲ.

ಆಮೇಲೆ ಹಾರಿದ್ದೇ ಹಾರಿದ್ದು. ನಮ್ಮವರು ಹೊಡೆದರು, ನಾನು ತಡೆದೆ. ನಮ್ಮ ಸೆಂಟರ್ ಫಾರ್ವರ್ಡ್ ಒಬ್ಬನೇ ನುಗ್ಗಿ ಬಂದಾಗ ಅವನ ಕಾಲಬುಡಕ್ಕೇ ಬಿದ್ದು ಚೆಂಡು ತಬ್ಬಿಕೊಂಡೆ. ಅಷ್ಟು ವರ್ಷ ನನ್ನ ಬೆನ್ನುನೋವನ್ನು ನಂಬಿ, ನನ್ನ ಮುಂದೆ ಇಬ್ಬರು ಡಿಫೆಂಡರುಗಳನ್ನು ಹೆಚ್ಚಿಗೆ ನಿಲ್ಲಿಸಿ ಆಡಿಸುತ್ತಿದ್ದ ಕ್ಯಾಪ್ಟನ್ ನಡು ಮೈದಾನದಲ್ಲಿ ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದ. ಆ ನೋಟ ನನಗೆ ಚುಚ್ಚಿತು. ನಿನಗೆ ಇದೆಲ್ಲ ಬರುತ್ತಿತ್ತಾ ಎಂದು ಕೇಳುವ ಹಾಗಿತ್ತು.

ದ್ವಿತೀಯಾರ್ಧದಲ್ಲಿ ಹೊಸನಗರದವರಿಗೊಂದು ಕಾರ್ನರ್ ಸಿಕ್ಕಿತು. ನನ್ನ ಜಾಗದಲ್ಲಿ ನಿಂತಿದ್ದವನು ಬೇಕರಿಯಲ್ಲಿ ಕೆಲಸ ಮಾಡುವ ನಮ್ಮ ಆಟಗಾರ, ಗೋಲು ಕಾಯುವುದು ಅವನಿಗೆ ಅದೇ ಮೊದಲು. ಅವನು ಹಿಡಿಯಲು ಕೈ ಎತ್ತುವಷ್ಟರಲ್ಲಿ ಯಾರದೋ ತಲೆಗೆ ತಾಗಿ ಚೆಂಡು ಒಳಗೆ ಹೋಯಿತು. ಆ ತುದಿಯಲ್ಲಿ ಹಸಿರು ಜರ್ಸಿಯವರು ಕುಣಿದರು. ಒಬ್ಬ ಓಡಿ ಬಂದು ನನ್ನನ್ನು ಅಪ್ಪಿಕೊಂಡ. ಕೈ ಎಲ್ಲಿಡಬೇಕೋ ಗೊತ್ತಾಗದೆ ನಾನೂ ಅವನ ಬೆನ್ನು ತಟ್ಟಿದೆ.

ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಹೊಸನಗರದ ಡಿಫೆಂಡರ್ ಒಬ್ಬ ನಮ್ಮವನನ್ನು ಗೋಲಿನ ಹತ್ತಿರವೇ ಕೆಡವಿದ. ಪೆನಾಲ್ಟಿ. ಅದೊಂದು ಗೋಲಾದರೆ ಆಟ ಸಮ, ಮೈದಾನ ನಮ್ಮದು. ಹೊಡೆಯಲು ಕ್ಯಾಪ್ಟನ್ನೇ ಬಂದ.

ಇಲ್ಲಿ ನಾನು ಸರಿಯಾಗಿ ಹೇಳಬೇಕು. ಕ್ಯಾಪ್ಟನ್ ಪೆನಾಲ್ಟಿಗೆ ಓಡಿ ಬರುವ ರೀತಿ ನೋಡಿದರೆ ಯಾರಾದರೂ ಚೆಂಡು ಕೀಪರಿನ ಬಲಕ್ಕೆ ಬರುತ್ತದೆ ಎಂದೇ ಹೇಳುತ್ತಾರೆ. ಕೊನೆಯ ಹೆಜ್ಜೆಯಲ್ಲಿ ಅವನು ಎಡಪಾದವನ್ನು ಚೂರು ಹೊರಳಿಸುತ್ತಾನೆ, ಚೆಂಡು ಕೀಪರಿನ ಎಡಕ್ಕೆ ನೆಲ ಸವರಿಕೊಂಡು ಹೋಗುತ್ತದೆ. ಇದು ಹೊರಗಿನವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಶಾಲೆ ಬಿಟ್ಟ ದಿನಗಳಿಂದ ಸಂಜೆ ಸಂಜೆ ಅದೇ ಮೈದಾನದಲ್ಲಿ ಅವನು ಹೊಡೆಯುವುದು, ನಾನು ಹೆಕ್ಕಿ ಕೊಡುವುದು. ಅಭ್ಯಾಸದಲ್ಲಿ ನನಗೆ ಅವನು ಕಲಿಸಿಕೊಟ್ಟ ಗುಟ್ಟು ಅದು. 'ಪಾದ ನೋಡು, ಭುಜ ನೋಡ್ಬೇಡ' ಎಂದು ಅವನೇ ಹೇಳಿದ್ದ.

ಲೈನ್‌ಮನ್ ಆಗಿದ್ದರೆ ಬಲಕ್ಕೆ ಹಾರುತ್ತಿದ್ದ. ಯಾವ ಪ್ರಾಮಾಣಿಕ ಕೀಪರ್ ಆದರೂ ಬಲಕ್ಕೇ ಹಾರುತ್ತಿದ್ದ. ನಾನು ಬಲಕ್ಕೆ ಹಾರಿದ್ದರೆ ಯಾವ ದೇವರೂ ನನ್ನನ್ನು ಮೋಸಗಾರ ಎನ್ನುತ್ತಿರಲಿಲ್ಲ. ಅವನು ಓಡಿ ಬಂದ, ನಾನು ಪಾದ ನೋಡಿದೆ. ಎಡಕ್ಕೆ ಹಾರಿದೆ. ಚೆಂಡು ನನ್ನ ಎರಡೂ ಅಂಗೈಗೆ ಬಂದು ಹೊಡೆಯಿತು.

ಸೀಟಿ ಊದಿದಾಗ ನಾನಿನ್ನೂ ನೆಲದ ಮೇಲೇ ಇದ್ದೆ. ಹೊಸನಗರದವರು ನನ್ನನ್ನು ಎತ್ತಿ ನಿಲ್ಲಿಸಿದರು. ಕಣ್ಣಲ್ಲಿ ನೀರು ತುಂಬಿತ್ತು, ಹೊಟ್ಟಿನ ಧೂಳು ಬಿತ್ತು ಎಂದೆ.

ನಮ್ಮ ಲೀಗಿನಲ್ಲಿ ಪಂದ್ಯ ಮುಗಿದ ಮೇಲೆ ಬಂದ ತಂಡಕ್ಕೆ ಮೈದಾನದವರೇ ಊಟ ಹಾಕುತ್ತಾರೆ. ಮುಯ್ಯಾಳು ಯಾರ ಪರ ಆಡಿದನೋ ಅವರ ಜೊತೆಗೇ ಕೂರಬೇಕು. ಹಳೆಯ ಮಿಲ್ಲಿನ ಶೆಡ್ಡಿನಲ್ಲಿ ಎಲೆ ಹಾಕಿದ್ದರು. ನಾನು ಹೊಸನಗರದವರ ಸಾಲಿನಲ್ಲಿ ಕೂತೆ, ನಮ್ಮವರು ಬಡಿಸಿದರು. ಬೇಕರಿಯವನು ಚಿತ್ರಾನ್ನ ತಂದ. ಸೆಂಟರ್ ಫಾರ್ವರ್ಡ್ ಪಲ್ಯ ತಂದ. ಕ್ಯಾಪ್ಟನ್ ಕಡೆಯಲ್ಲಿ ಪಾಯಸದ ಬಕೆಟ್ ಹಿಡಿದು ಬಂದ. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಹಾಕ್ಯಳ ಮಾರಾಯ. ಅತಿಥಿ ಇವತ್ತು ನೀನು." ಎರಡು ಸೌಟು ಹಾಕಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಎಡಕ್ಕೆ ಬರುತ್ತೆ ಅಂತ ಗೊತ್ತಿತ್ತಾ?"

"ಇಲ್ಲಪ್ಪ. ಅಂದಾಜಿಗೆ ಹಾರಿದೆ."

ಅವನು ತಲೆಯಾಡಿಸಿ ಮುಂದಿನ ಎಲೆಗೆ ಹೋದ. ಆ ಪಾಯಸವನ್ನು ನಾನು ಪೂರ್ತಿ ತಿಂದೆ. ಬಿಟ್ಟರೆ ಬಡಿಸಿದವನಿಗೆ ಅವಮಾನ. ಹೊಸನಗರದವರು ಮೂರು ಗಂಟೆಯ ಬಸ್ಸಿಗೆ ಹೊರಟಾಗ ಜರ್ಸಿ ನಿಮಗೇ ಇರಲಿ ಎಂದು ಒತ್ತಾಯ ಮಾಡಿದರು. ಬೇಡವೆಂದು ಬಿಚ್ಚಿ ಕೊಟ್ಟೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ನಮ್ಮ ಮನೆಮಾತಿನಲ್ಲಿ ಒಂದೇ ಏಟಿಗೆ ಕೇಳಿದಳು: "ಮನೇಲಿ ಲೋಟ ಬಿದ್ರೆ ಬಗ್ಗದಿಲ್ಲೆ. ಅಲ್ಲಿ ಎಂತಕ್ಕೆ ಹಾಂಗೆ ಹಾರಿದ್ದು?" ನನಗೆ ಸಿಟ್ಟು ಬಂತು, ಅದೂ ಅವಳ ಮೇಲೆ, ಕೇಳಬೇಕಾದ್ದನ್ನು ಕೇಳಿದಳಲ್ಲ ಎಂದು.

ಸೋಮವಾರದಿಂದ ಅಂಗಡಿಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಇಂಥ ಕಾಲದಲ್ಲಿ ಇಂಥವರೂ ಇದ್ದಾರಲ್ಲ ಎಂದರು ಒಬ್ಬರು. ಕನ್ನಡಕ ಕೊಳ್ಳುವ ಉದ್ದೇಶವಿಲ್ಲದವರೂ ಬಂದು ಕೈಕುಲುಕಿದರು. ಶಿವಮೊಗ್ಗದ ಧಣಿಯ ಮಗ ಫೋನ್ ಮಾಡಿದನಂತೆ, ಕ್ಯಾಪ್ಟನ್ ಈ ಸಲ 'ಉಳ್ಕಂಡ್ವಿ' ಎನ್ನಲಿಲ್ಲ. ಮಳೆ ನಿಂತ ಮೇಲೆ ತಂತಿಬೇಲಿ ಬಂತು. ಆಮೇಲೆ ಜೆಸಿಬಿ ಬಂತು. ಕ್ಯಾಪ್ಟನ್ ಗೋಲುಕಂಬ ಕಿತ್ತು ತನ್ನದೇ ಆಟೋದಲ್ಲಿ ಮನೆಗೆ ಸಾಗಿಸಿದ. ನಾನು ನೆರವಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎಂದು ಹೇಳಿ ಕಳಿಸಿದೆ. ಗಿರಾಕಿ ಇರಲಿಲ್ಲ.

ಅಲ್ಲಿಂದ ಅವನನ್ನು ತಪ್ಪಿಸಿಕೊಂಡು ತಿರುಗಿದೆ. ಅವನ ಆಟೋ ಪೇಟೆಯಲ್ಲಿ ಕಂಡರೆ ಒಳಗೆ ಹೋಗಿ ಗಾಜು ಒರೆಸುತ್ತಿದ್ದೆ. ಹೊಸನಗರದವರು ಈ ಸೀಸನ್ನಿಗೆ ನಮ್ಮಲ್ಲಿಗೇ ಬನ್ನಿ ಎಂದು ಹೇಳಿ ಕಳಿಸಿದರು, ಬೆನ್ನುನೋವು ಎಂದೆ.

ಹೋದ ವಾರ ಕ್ಯಾಪ್ಟನ್ನೇ ಅಂಗಡಿಗೆ ಬಂದ. ಬಾಡಿಗೆಯ ರಸೀದಿ ಓದಲು ಆಗುತ್ತಿಲ್ಲ, ಅಕ್ಷರ ಮಸುಕು ಎಂದ. ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆಯ ಚೌಕಟ್ಟು ಮೂಗಿನ ಮೇಲಿಟ್ಟೆ. ಒಂದೊಂದೇ ಗಾಜು ಬದಲಾಯಿಸುತ್ತ ಈಗ ಹೇಗಿದೆ, ಈಗ ಹೇಗಿದೆ ಎಂದು ಕೇಳಬೇಕು. ಮುಖಕ್ಕೆ ಮುಖ ಹತ್ತಿರ, ಓಡಿ ಹೋಗುವಂತಿಲ್ಲ.

"ಒಂದ್ ವಿಷ್ಯ ಹೇಳ್ಬೇಕಿತ್ತು ನಿಂಗೆ," ಎಂದ ಗಾಜಿನ ಹಿಂದಿನಿಂದ. "ಭಾಳ ದಿನದಿಂದ ಮನ್ಸಲ್ಲೇ ಕೊರೀತಾ ಇದೆ."

ಬಂತು ಎಂದುಕೊಂಡೆ. ಬೈಯಲಿ, ಬೈದರೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ.

"ಆವತ್ತು ಪೆನಾಲ್ಟಿಗೆ ನಿಂತಾಗ, ನಿಂಗೆ ನನ್ನ ಪಾದ ಗೊತ್ತು ಅಂತ ನಂಗೆ ನೆನಪಿತ್ತು. ಬಲಕ್ಕೆ ಹೊಡೀಬಹುದಿತ್ತು. ಹೊಡೀಲಿಲ್ಲ. ಯಾಕೆ ಹೇಳು? ನೀನು ಬಿಡ್ತೀಯ ಅಂದ್ಕಂಡೆ. ಸರಿಯಾಗಿ ಆಡು ಅಂತ ನಾನೇ ಹೇಳಿ ಕಳ್ಸಿ, ಆ ಹೊತ್ತಿಗೆ ಮನ್ಸಲ್ಲಿ ಹಂಗೆ ಅಂದ್ಕಂಡೆ. ನೀನು ನೋಡಿದ್ರೆ ಪಾದದ್ದು ನೆನಪೇ ಇಲ್ದೇ ಅಂದಾಜಿಗೆ ಹಾರಿದ್ದು. ನಿನ್ನಂಥವ್ನ ಮೇಲೆ ಅಂಥಾ ಯೋಚ್ನೆ ಮಾಡ್ದೆ ನೋಡು. ತಪ್ಪಾಯ್ತು ಕಣೋ. ಕ್ಷಮಿಸ್ಬೇಕು ನೀನು."

ನನ್ನ ಕೈಯಲ್ಲಿ ಗಾಜಿತ್ತು. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು: ಅಂದಾಜಲ್ಲ, ಗೊತ್ತಿದ್ದೇ ಹಾರಿದೆ, ನನ್ನ ಹೆಸರು ಕೆಡುತ್ತದೆಂದು ಹೆದರಿ ಹಾರಿದೆ, ನಿನ್ನ ಅಪ್ಪನ ನೆಲವನ್ನು ನನ್ನ ಒಳ್ಳೆಯತನಕ್ಕೆ ಬೆಲೆಯಾಗಿ ಕೊಟ್ಟೆ. ಅವನು ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುತ್ತಿದ್ದ ಕಣ್ಣುಗಳಿಂದ ನನ್ನನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತಿದ್ದ.

"ಹೋಗ್ಲಿ ಬಿಡು," ಎಂದೆ.

ಅವನ ಮುಖ ಹಗುರವಾಯಿತು. ನಾನು ಅವನನ್ನು ಕ್ಷಮಿಸಿದೆ.